ಮಗಳ ಸಿಕ್ಸ್ತ್ ಫಾರ್ಮ್ ಅರ್ಜಿ: ಸಾಗರದ ಗೆಳೆಯನಿಗೊಂದು ಪತ್ರ

ಪ್ರಿಯ ಮಿತ್ರ,

ಮಗಳ ಮುಂದಿನ ಓದಿನ ವಿಚಾರ ಏನಾಯಿತೆಂದು ನೀನು ದೀಪಾವಳಿಯಿಂದಲೂ ಕೇಳುತ್ತಿದ್ದೀಯೆ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ಸಂಗತಿ ಅದಲ್ಲವಾದ್ದರಿಂದ ಕುಳಿತು ಬರೆಯುತ್ತಿದ್ದೇನೆ. ಎಲ್ಲರೂ ಓದಲಿ ಎಂದು ಹೀಗೆ ಬಹಿರಂಗವಾಗಿ ಬರೆಯುವುದಕ್ಕೂ ಕಾರಣವಿದೆ. ಇಂಗ್ಲೆಂಡಿಗೆ ಈಚೆಗೆ ಬಂದು ನೆಲೆಸಿದ ಕನ್ನಡದ ಮನೆಗಳವರು ಪ್ರತಿ ಚಳಿಗಾಲದಲ್ಲೂ ನನ್ನನ್ನು ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಪಿಯು ಕಾಲೇಜಿನ ಅಡ್ಮಿಷನ್ ಮೇಜಿನ ಹಿಂದೆ ಇಷ್ಟು ವರ್ಷ ಕುಳಿತ ನಿನಗೆ ಬಿಡಿಸಿ ಹೇಳಿದರೆ ಅವರಿಗೂ ಹೇಳಿದಂತಾಗುತ್ತದೆ. ತಾಳಗುಪ್ಪದ ರೈಲಿನ ವಿಚಾರವನ್ನು ಮಾತ್ರ ಇಲ್ಲಿ ಎತ್ತುವುದಿಲ್ಲ, ಧೈರ್ಯವಾಗಿ ಓದು.

ಇಲ್ಲಿ ಮಕ್ಕಳು ಹದಿನಾರನೆಯ ವಯಸ್ಸಿನಲ್ಲಿ, ಇಯರ್ ಇಲೆವೆನ್ ಎಂಬ ತರಗತಿ ಮುಗಿಯುವ ಮೇ-ಜೂನ್ ತಿಂಗಳಲ್ಲಿ, ಜಿಸಿಎಸ್‌ಇ ಪರೀಕ್ಷೆ ಬರೆಯುತ್ತಾರೆ. ನಮ್ಮ ಎಸ್ಸೆಸ್ಸೆಲ್ಸಿಯ ಸ್ಥಾನದಲ್ಲಿ ಇರುವುದು ಅದೇ ಆದರೂ 625ಕ್ಕೆ ಎಷ್ಟು ಬಂತು ಎಂದು ಕೇಳುವ ಹಾಗಿಲ್ಲ. ವಿಷಯಕ್ಕೊಂದು ಗ್ರೇಡ್ ಇರುತ್ತದೆ: 9 ಎಂದರೆ ಅತ್ಯುತ್ತಮ, 1 ಎಂದರೆ ಕನಿಷ್ಠ, 4 ಬಂದರೆ ಪಾಸಾದಂತೆ. ಅದರ ನಂತರದ ಎರಡು ವರ್ಷಗಳೇ ಸಿಕ್ಸ್ತ್ ಫಾರ್ಮ್, ಅದರ ಕೊನೆಯಲ್ಲಿ ಎ-ಲೆವೆಲ್ ಪರೀಕ್ಷೆ. ಕೆಲವು ಶಾಲೆಗಳಲ್ಲಿ ಈ ಎರಡು ವರ್ಷವೂ ಅಲ್ಲಿಯೇ ಮುಂದುವರಿಯುತ್ತದೆ. ನಮ್ಮ ಲೆಸ್ಟರ್ ನಗರದಲ್ಲಿ ಹದಿನಾರಕ್ಕೇ ಮುಗಿಯುವ ಶಾಲೆಗಳು ಬಹಳ ಇರುವುದರಿಂದ ಅಲ್ಲಿನ ಮಕ್ಕಳು ಬೇರೆ ಕಾಲೇಜನ್ನು ಹುಡುಕಿಕೊಳ್ಳಲೇಬೇಕು. ಸರ್ಕಾರಿ ಅನುದಾನದ ಕಾಲೇಜುಗಳಲ್ಲಿ ಬೋಧನಾ ಶುಲ್ಕವಿಲ್ಲ. ಓದು ಸಾಕು ಎಂದು ಮನೆಯಲ್ಲಿ ಕುಳಿತುಕೊಳ್ಳುವುದಕ್ಕೂ ಇಲ್ಲ. 2015ರಿಂದ ಇಂಗ್ಲೆಂಡಿನಲ್ಲಿ 18 ತುಂಬುವವರೆಗೆ ಓದಿನಲ್ಲೋ ತರಬೇತಿಯಲ್ಲೋ ಇರಲೇಬೇಕೆಂಬ ಕಾನೂನಿದೆ. ಎ-ಲೆವೆಲ್ ಬೇಡವೆನ್ನುವವರಿಗೆ ಬಿಟೆಕ್ ಎಂಬ ಕೋರ್ಸುಗಳಿವೆ (ನಮ್ಮ ಎಂಜಿನಿಯರಿಂಗ್ ಪದವಿ ಎಂದುಕೊಳ್ಳಬೇಡ, ಇದು ವೃತ್ತಿಪರ ಓದು), 2020ರಿಂದ ಟಿ-ಲೆವೆಲ್ ಎಂಬ ತಾಂತ್ರಿಕ ಕೋರ್ಸೂ ಬಂದಿದೆ, ಕೆಲಸ ಮಾಡುತ್ತ ಕಲಿಯುವ ಅಪ್ರೆಂಟಿಸ್‌ಶಿಪ್ ಕೂಡ ಇದೆ.

ನಿನಗೆ ಎಲ್ಲಕ್ಕಿಂತ ವಿಚಿತ್ರವೆನಿಸುವುದು ಕೆಲಸ ನಡೆಯುವ ಕ್ರಮ. ನಮ್ಮಲ್ಲಿ ಮೊದಲು ಫಲಿತಾಂಶ, ಆಮೇಲೆ ಅರ್ಜಿ, ಅದಾದ ಮೇಲೆ ಕಟ್‌ಆಫ್ ಪಟ್ಟಿಯ ಮುಂದೆ ನೂಕುನುಗ್ಗಲು. ಇಲ್ಲಿ ಮಕ್ಕಳು ಪರೀಕ್ಷೆಗೆ ಆರೇಳು ತಿಂಗಳು ಮೊದಲೇ, ಶರತ್ಕಾಲದಲ್ಲಿಯೇ ಅರ್ಜಿ ಹಾಕುತ್ತಾರೆ. ಎಲ್ಲ ಕಾಲೇಜುಗಳಿಗೂ ಸೇರಿ ದೇಶಕ್ಕೊಂದು ಅರ್ಜಿ ಎಂಬುದಿಲ್ಲ, ಪ್ರತಿಯೊಂದು ಕಾಲೇಜಿಗೂ ಅದರದೇ ನಮೂನೆ, ಅದರದೇ ಕೊನೆಯ ದಿನಾಂಕ. ಶಾಲೆಯ ಶಿಕ್ಷಕರು ಈ ಹುಡುಗಿಗೆ ಇಂತಿಷ್ಟು ಬರಬಹುದು ಎಂದು ಅಂದಾಜು ಗ್ರೇಡ್ ಕೊಡುತ್ತಾರೆ. ಅದನ್ನು ನೋಡಿ, ಸಂದರ್ಶನ ಮಾಡಿ, ಕಾಲೇಜಿನವರು ಷರತ್ತಿನ ಆಫರ್ ಕಳುಹಿಸುತ್ತಾರೆ: ಗಣಿತದಲ್ಲಿ 7 ಬಂದರೆ, ವಿಜ್ಞಾನದಲ್ಲಿ 6 ಬಂದರೆ ಬಾ, ಸೀಟು ನಿನ್ನದು. ಆಗಸ್ಟ್ ತಿಂಗಳ ಉತ್ತರಾರ್ಧದ ಒಂದು ಗುರುವಾರ ಫಲಿತಾಂಶ ಬರುತ್ತದೆ, ಅದನ್ನು ಹಿಡಿದುಕೊಂಡು ಕಾಲೇಜಿಗೆ ಹೋಗಿ ದಾಖಲಾಗುವುದು. ಹೊಸದಾಗಿ ಬಂದವರು ಈ ಕ್ರಮ ತಿಳಿಯದೆ, ಫಲಿತಾಂಶ ಬರಲಿ ನೋಡೋಣ ಎಂದು ಕಾದರೆ ಬೇಕಾದ ವಿಷಯಗಳು ಭರ್ತಿಯಾಗಿರುತ್ತವೆ. ಆದ್ದರಿಂದ ಓದುತ್ತಿರುವ ತಂದೆತಾಯಂದಿರಲ್ಲಿ ನನ್ನ ಕಳಕಳಿಯ ಮಾತು ಇಷ್ಟೇ: ಮಕ್ಕಳು ಇಯರ್ ಇಲೆವೆನ್‌ಗೆ ಕಾಲಿಟ್ಟ ಸೆಪ್ಟೆಂಬರಿನಲ್ಲಿಯೇ ಕಾಲೇಜುಗಳ ಓಪನ್ ಈವ್ನಿಂಗ್ ಯಾವಾಗ ಎಂದು ನೋಡಿಟ್ಟುಕೊಳ್ಳಿ, ಒಂದೇ ಕಾಲೇಜನ್ನು ನಂಬಿ ಕೂರಬೇಡಿ.

ಓಪನ್ ಈವ್ನಿಂಗ್ ಎಂದರೆ ಸಂಜೆ ಕಾಲೇಜಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಬನ್ನಿ ನೋಡಿ ಎನ್ನುವ ಏರ್ಪಾಡು. ಒಂದೊಂದು ವಿಷಯಕ್ಕೂ ಒಂದೊಂದು ಕೋಣೆ, ಒಳಗೆ ಉಪನ್ಯಾಸಕರ ಜೊತೆಗೆ ಅಲ್ಲಿಯೇ ಓದುತ್ತಿರುವ ಹುಡುಗ ಹುಡುಗಿಯರು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಒಬ್ಬ ಹುಡುಗ ಲವಣಗಳನ್ನು ಜ್ವಾಲೆಗೆ ಹಿಡಿದು ಬಣ್ಣ ತೋರಿಸುತ್ತಿದ್ದ, ತಾಮ್ರಕ್ಕೆ ಹಸಿರು, ಪೊಟ್ಯಾಸಿಯಂಗೆ ನೇರಳೆ. ನಮ್ಮ ಹುಡುಗಿ ಅಲ್ಲಿ ಕಣ್ಣರಳಿಸಿಕೊಂಡು ನಿಂತಳು. ಇತಿಹಾಸದ ಕೋಣೆಯಲ್ಲಿ ಅಂತಹದೇನೂ ಇರಲಿಲ್ಲ. ಮೇಜಿನ ಮೇಲೆ ಹಳೆಯ ಕಾಗದಪತ್ರಗಳ ನಕಲುಗಳನ್ನು ಹರಡಿ, ಪ್ರತಿಯೊಂದರ ಪಕ್ಕದಲ್ಲೂ ಚೀಟಿ ಇಟ್ಟಿದ್ದರು: ಇದನ್ನು ಬರೆದವರು ಯಾರು, ಯಾರಿಗೆ, ಬರೆಯದೆ ಬಿಟ್ಟಿರುವುದು ಏನು? ಆ ಮೂರನೆಯ ಪ್ರಶ್ನೆಯ ಮುಂದೆ ಅವಳು ಎಷ್ಟು ಹೊತ್ತು ನಿಂತಳೆಂದರೆ, ದೀಪ ಆರಿಸಲು ಬಂದವರು ಬಾಗಿಲಲ್ಲಿ ಕಾಯಬೇಕಾಯಿತು. ಆಶ್ಚರ್ಯವೇನೂ ಇಲ್ಲ. 2012ರಲ್ಲಿ ಈ ಊರಿನ ಕಾರ್ ಪಾರ್ಕ್ ಒಂದರ ನೆಲದಡಿಯಲ್ಲಿ ಮೂರನೆಯ ರಿಚರ್ಡ್ ದೊರೆಯ ಅಸ್ಥಿಪಂಜರ ಸಿಕ್ಕಿತು. 2015ರ ಮಾರ್ಚ್‌ನಲ್ಲಿ ಅವನನ್ನು ಇಲ್ಲಿನ ಕೆಥೀಡ್ರಲ್‌ನಲ್ಲಿ ಮತ್ತೆ ಸಮಾಧಿ ಮಾಡಿದಾಗ ಮೆರವಣಿಗೆಯನ್ನು ಅವಳು ನನ್ನ ಹೆಗಲ ಮೇಲೆ ಕುಳಿತು ನೋಡಿದ್ದಳು. ನೆಲದ ಕೆಳಗೆ ರಾಜರು ಇರುತ್ತಾರೆ ಎಂಬುದು ಅವಳಿಗೆ ಅಕ್ಷರ ಕಲಿಯುವ ವಯಸ್ಸಿನಲ್ಲಿಯೇ ತಿಳಿದ ಸತ್ಯ.

ಕೊನೆಗೆ ಅವಳು ಆರಿಸಿಕೊಂಡದ್ದು ರಸಾಯನಶಾಸ್ತ್ರ, ಗಣಿತ ಮತ್ತು ಇತಿಹಾಸ. ಹೌದು, ಸರಿಯಾಗಿಯೇ ಓದಿದೆ. ನಿನ್ನ ಮೇಜಿನ ಮೇಲಿರುವ ಕಾಂಬಿನೇಷನ್ ಪಟ್ಟಿಯಲ್ಲಿ ವಿಜ್ಞಾನದ ಪಿಸಿಎಂಬಿ ಒಂದು ಕಡೆ, ಇತಿಹಾಸವಿರುವ ಕಲಾ ವಿಭಾಗದ ಹೆಚ್‌ಇಪಿಎಸ್ ಇನ್ನೊಂದು ಕಡೆ. ಈ ಮೂರನ್ನೂ ಒಟ್ಟಿಗೆ ಕೇಳುವ ಮಗುವನ್ನು ನೀನು ಎಷ್ಟೇ ಪ್ರೀತಿಯಿಂದ ಮಾತನಾಡಿಸಿದರೂ ಹಿಂದಕ್ಕೆ ಕಳುಹಿಸಬೇಕಾಗುತ್ತದೆ. ಇಲ್ಲಿ ವೇಳಾಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಿದ್ದರೆ ಸಾಕು. ಈ ಸ್ವಾತಂತ್ರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಇದಕ್ಕೆ ತೆರುವ ಬೆಲೆಯೂ ದೊಡ್ಡದು. ಇಷ್ಟು ದಿನ ಒಂಬತ್ತು ವಿಷಯ ಓದಿದ ಮಗು ಸೆಪ್ಟೆಂಬರಿನಲ್ಲಿ ಮೂರಕ್ಕೆ ಇಳಿಯುತ್ತದೆ, ಹೆಚ್ಚೆಂದರೆ ನಾಲ್ಕು. ನಮ್ಮ ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ವಿಷಯ ಸೇರಿ ಆರಾದರೂ ಇರುತ್ತವೆ; ವಿಜ್ಞಾನದ ಹುಡುಗನೂ ಹದಿನೆಂಟರವರೆಗೆ ಪದ್ಯ ಓದುತ್ತಾನೆ. ಇಲ್ಲಿ ಜಿಸಿಎಸ್‌ಇಯಲ್ಲಿ ಇಂಗ್ಲಿಷ್ ಮತ್ತು ಗಣಿತ ಪಾಸಾದವರು ಅವೆರಡಕ್ಕೂ ಅಂದೇ ಕೈಮುಗಿಯಬಹುದು. ಕರ್ನಾಟಕದ ಅಳಿಯ ರಿಷಿ ಸುನಕ್ ಪ್ರಧಾನಿಯಾಗಿದ್ದಾಗ, 2023ರಲ್ಲಿ, ಎಲ್ಲರೂ 18ರವರೆಗೆ ಗಣಿತ ಓದಬೇಕು, ವಿಷಯಗಳ ಸಂಖ್ಯೆಯೂ ಹೆಚ್ಚಬೇಕು ಎಂದು ಯೋಜನೆ ಹಾಕಿದರು; 2024ರಲ್ಲಿ ಸರ್ಕಾರ ಬದಲಾಯಿತು, ಯೋಜನೆ ಕೈಬಿಟ್ಟುಹೋಯಿತು. ನನ್ನ ಮಟ್ಟಿಗೆ ಅದರಲ್ಲಿ ಒಳ್ಳೆಯ ವಿಚಾರವಿತ್ತು. ಹದಿನಾರಕ್ಕೆ ಬಿಟ್ಟ ವಿಷಯಕ್ಕೆ ಮರಳಿ ಹೋಗುವುದು ಸುಲಭವಲ್ಲ. ಜೀವಶಾಸ್ತ್ರವನ್ನು ಬಿಟ್ಟರೆ ಅನೇಕ ವೈದ್ಯಕೀಯ ಕಾಲೇಜುಗಳ ಬಾಗಿಲು ಈಗಲೇ ಮುಚ್ಚಿದಂತೆ ಎಂದು ನಾನು ಅವಳಿಗೆ ಹೇಳಿದೆ. ಅವಳು ಕೇಳಿಸಿಕೊಂಡು, ಯೋಚಿಸಿ ಎರಡು ದಿನದ ಮೇಲೆ ಬಂದು, “ಅಪ್ಪ, ಆ ಬಾಗಿಲು ನನಗೆ ಬೇಕಿಲ್ಲ” ಎಂದಳು. ಅಷ್ಟು ಮೃದುವಾಗಿ ಹೇಳಿದ ಮಾತನ್ನು ಅಲ್ಲಗಳೆಯುವುದು ಹೇಗೆ?

ಅರ್ಜಿಯನ್ನು ಅವಳೇ ತುಂಬಿದಳು. ಮನೆಯಲ್ಲಿ ಆಡುವ ಭಾಷೆ ಎಂಬ ಕಡೆ ಕನ್ನಡ ಎಂದು ಬರೆದು ನನ್ನ ಮುಖ ನೋಡಿ ನಕ್ಕಳು. ಪಕ್ಕದ ಮನೆಯ ಹುಡುಗ ಗುಜರಾತಿಯಲ್ಲಿ ಜಿಸಿಎಸ್‌ಇ ಬರೆಯುತ್ತಿದ್ದಾನೆ. ಬಂಗಾಳಿ, ಪಂಜಾಬಿ, ಉರ್ದುಗಳಿಗೂ ಆ ಪರೀಕ್ಷೆಯಿದೆ, ಕನ್ನಡಕ್ಕಿಲ್ಲ. ಹಾಗಾಗಿ ಅವಳು ಅಜ್ಜಿಯ ಜೊತೆ ಮಾತನಾಡಿ, ನಿನ್ನ ಪತ್ರಗಳನ್ನು ಎಳೆದೆಳೆದು ಓದಿ ಕಲಿತ ಕನ್ನಡಕ್ಕೆ ಆ ಒಂದು ಕಡೆ ಬಿಟ್ಟರೆ ಅರ್ಜಿಯಲ್ಲಿ ಬೇರೆಲ್ಲೂ ಜಾಗವಿರಲಿಲ್ಲ.

ಜನವರಿಯಲ್ಲಿ ಸಂದರ್ಶನ. ನಾನೂ ಪಕ್ಕದಲ್ಲಿ ಕುಳಿತಿದ್ದೆ. ಉಪನ್ಯಾಸಕಿ ನನ್ನ ಕಡೆಗೆ ಒಮ್ಮೆ ನಕ್ಕು, ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡು, ಕೊನೆಯವರೆಗೂ ಅವಳನ್ನೇ ಮಾತನಾಡಿಸಿದರು. ಎ-ಲೆವೆಲ್ ಇತಿಹಾಸದಲ್ಲಿ ಶೇಕಡಾ 20 ಅಂಕ ವಿದ್ಯಾರ್ಥಿ ತಾನೇ ಪ್ರಶ್ನೆಯೊಂದನ್ನು ಹಿಡಿದು ಶೋಧಿಸಿ ಬರೆಯುವ ದೀರ್ಘ ಪ್ರಬಂಧಕ್ಕೆ ಮೀಸಲು. ಯಾವುದರ ಬಗ್ಗೆ ಬರೆಯುವ ಆಸೆ ಎಂದು ಕೇಳಿದಾಗ ಅವಳು ಏನೆಂದಳು ಗೊತ್ತೇ? ಕೆಳದಿಯ ಚೆನ್ನಮ್ಮ ಔರಂಗಜೇಬನ ಸೈನ್ಯ ಬೆನ್ನಟ್ಟಿ ಬರುತ್ತಿದ್ದರೂ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳಲ್ಲ, ಅದು ಧರ್ಮವೆಂದು ಕೊಟ್ಟದ್ದೋ, ರಾಜ್ಯದ ಲೆಕ್ಕಾಚಾರದಿಂದ ಕೊಟ್ಟದ್ದೋ ಎಂದು ನೋಡಬೇಕು ಎಂದಳು. ಹೋದ ಸಲ ಊರಿಗೆ ಬಂದಾಗ, ನಾನು ಪಹಣಿಗಾಗಿ ತಾಲ್ಲೂಕು ಕಚೇರಿಯಲ್ಲಿ ನಿಂತಿದ್ದ ದಿನ, ನೀನು ಅವಳನ್ನು ಕೆಳದಿಗೆ ಕರೆದುಕೊಂಡು ಹೋಗಿದ್ದೆ. ವೀರಭದ್ರ ದೇವಾಲಯದ ನೆಲದ ಮೇಲೆ ಅಂಗಾತ ಮಲಗಿ ಛಾವಣಿಯ ಗಂಡಭೇರುಂಡದ ಫೋಟೋ ತೆಗೆದಿದ್ದಳು. ಅಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಉಪನ್ಯಾಸಕಿ ಆ ಹೆಸರುಗಳನ್ನು ನಿಧಾನವಾಗಿ ಕಾಗದದ ಮೇಲೆ ಬರೆಸಿಕೊಂಡು, ಒಪ್ಪುವಂತಹ ಆಕರಗಳೂ ಇತಿಹಾಸಕಾರರ ಭಿನ್ನಾಭಿಪ್ರಾಯಗಳೂ ಸಿಕ್ಕರೆ ನೋಡೋಣ ಎಂದರು.

ಬಸ್ಸಿನಲ್ಲಿ ಮರಳುವಾಗ ನನ್ನೊಳಗೆ ಎದ್ದದ್ದು ಹೆಮ್ಮೆಯೊಂದೇ ಆಗಿದ್ದರೆ ಈ ಪತ್ರ ಇಲ್ಲಿಗೆ ಮುಗಿಯುತ್ತಿತ್ತು. ಹೆಮ್ಮೆಯ ಕೆಳಗೆ ಅಸೂಯೆಯಿತ್ತು. ಮಗಳ ಮೇಲೆ ಅಸೂಯೆ ಪಡುವುದು ಎಂಥ ಮಾತು ಎಂದು ನೀನು ಗದರಬಹುದು, ಆದರೂ ಆ ಸಂಜೆ ಅದಕ್ಕೆ ಬೇರೆ ಹೆಸರು ಹೊಳೆಯಲಿಲ್ಲ. ಇಕ್ಕೇರಿಗೆ ಸೈಕಲ್ ತುಳಿದು ಹೋಗಿ, ವೀರಗಲ್ಲುಗಳಿಗೆ ನೀರು ಸುರಿದು ತೊಳೆದು, ಸವೆದ ಗೆರೆಗಳ ಮೇಲೆ ಬೆರಳಾಡಿಸುತ್ತ ಕೂರುತ್ತಿದ್ದವರು ನಾವಿಬ್ಬರೂ. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ನನ್ನ ಪಿಯುಸಿ ಅರ್ಜಿಯ ಮೇಲೆ ಅಪ್ಪ ತಮ್ಮ ದುಂಡನೆಯ ಅಕ್ಷರದಲ್ಲಿ ಪಿಸಿಎಂಬಿ ಎಂದು ಬರೆದರು. ಅವರು ನನ್ನನ್ನು ಏನು ಬೇಕೆಂದು ಕೇಳಲಿಲ್ಲ. ಕೇಳಬೇಕಾದ ವಿಷಯ ಅದೆಂದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಅವರ ಕಾಲದಲ್ಲಿ ಅವರಿಗೆ ಗೊತ್ತಿದ್ದ ಒಳ್ಳೆಯ ದಾರಿಯನ್ನೇ ಅವರು ತೋರಿಸಿದರು, ಆ ದಾರಿ ನನ್ನನ್ನು ಇಲ್ಲಿಯವರೆಗೆ ತಂದು ಅನ್ನ ಕೊಟ್ಟಿದೆ, ಅದರ ಬಗ್ಗೆ ನನಗೆ ದೂರಿಲ್ಲ. ನೀನು ನನಗಿಂತ ಹೆಚ್ಚು ಅಂಕ ಪಡೆದಿದ್ದರೂ ಕಲಾ ವಿಭಾಗಕ್ಕೆ ಸೇರಿದೆ. ಊರಿಗೆ ಊರೇ ನಿನ್ನನ್ನು ನಿಲ್ಲಿಸಿ, “ಯಾಕಪ್ಪಾ, ಮಾರ್ಕ್ಸ್ ಕಡಿಮೆ ಬಂತಾ?” ಎಂದು ಕೇಳಿತು. ಆಗ ನಿನ್ನ ಬಗ್ಗೆ ಎಲ್ಲರಿಗೂ ಕನಿಕರವಿತ್ತು. ನನಗಿದ್ದದ್ದು ಕನಿಕರವಲ್ಲ, ಮಾರಾಯ. ಇಷ್ಟು ವರ್ಷದ ಸ್ನೇಹದಲ್ಲಿ ಇದನ್ನು ನಿನಗೆ ಹೇಳಿದ್ದೇ ಇಲ್ಲ. ಅಂದು ನಿನ್ನನ್ನು ನೋಡಿ ಆದದ್ದೇ ಈಗ ಮಗಳನ್ನು ನೋಡಿಯೂ ಆಯಿತು.

ಇದನ್ನೆಲ್ಲ ಎಲ್ಲರೆದುರು ಬರೆಯುವ ಉದ್ದೇಶವಿರಲಿಲ್ಲ. ಬರೆದಾಯಿತು, ಇರಲಿ. ಇಲ್ಲಿ ಓದುತ್ತಿರುವ ತಂದೆತಾಯಂದಿರಲ್ಲಿ ಯಾರಿಗಾದರೂ ಮಗುವಿನ ಅರ್ಜಿಯ ಮುಂದೆ ಕುಳಿತಾಗ ಹೆಸರಿಲ್ಲದ ಸಂಕಟವಾಗುತ್ತಿದ್ದರೆ, ಅದರಲ್ಲಿ ಎಷ್ಟು ಭಾಗ ಮಗುವಿನ ಭವಿಷ್ಯದ ಚಿಂತೆ, ಎಷ್ಟು ಭಾಗ ತಮ್ಮದೇ ಹದಿನಾರರ ನೆನಪು ಎಂದು ಒಮ್ಮೆ ನೋಡಿಕೊಳ್ಳಲಿ. ನನಗಂತೂ ಹಾಗೆ ಬೇರ್ಪಡಿಸಿ ನೋಡಿದ ಮೇಲೆ ಅವಳ ಆಯ್ಕೆಯ ಬಗ್ಗೆ ಭಯ ಬಹಳ ಇಳಿದಿದೆ.

ಸರಿ, ಕೆಲಸದ ಮಾತಿಗೆ ಬರುತ್ತೇನೆ. ಆಫರ್ ಬಂದಿದೆ, ಗಣಿತದಲ್ಲಿ 7 ಬೇಕು, ಮಾಕ್ ಎಂಬ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 6 ಬಂದಿದೆ, ಅವಳು ಪ್ರತಿ ಸಂಜೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದಾಳೆ. ಸೀಟು ಸಿಕ್ಕರೂ ಪ್ರಬಂಧದ ವಿಷಯಕ್ಕೆ ಕಾಲೇಜು ಒಪ್ಪಬೇಕಾದರೆ ಕೆಳದಿ ಅರಸರ ಬಗ್ಗೆ ಇಂಗ್ಲಿಷಿನಲ್ಲಿ ವಿದ್ವಾಂಸರು ಬರೆದದ್ದು ಬೇಕು, ಅವರಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪದಿರುವುದೂ ಬೇಕು. ಕೆಳದಿಯ ಮ್ಯೂಸಿಯಂನಲ್ಲಿ ವಿಚಾರಿಸು, ನಿನ್ನ ಕಪಾಟನ್ನೂ ತಡಕು. ಮರಾಠರ ಕಡೆಯ ಬರಹಗಳಲ್ಲಿ ರಾಜಾರಾಮನ ಪಲಾಯನ ಹೇಗೆ ಬಂದಿದೆ ಎಂಬುದೂ ಬೇಕಂತೆ. ಇದು ಅವಳದೇ ಬೇಡಿಕೆ. ಮೇ ತಿಂಗಳಿಗೆ ಪರೀಕ್ಷೆ ಇರುವುದರಿಂದ ಪುಸ್ತಕಗಳನ್ನು ಜೂನ್ ಕೊನೆಗೆ ಮುಟ್ಟುವಂತೆ ಕಳುಹಿಸು, ಮೊದಲೇ ಬಂದರೆ ಗಣಿತ ಮೂಲೆ ಸೇರುತ್ತದೆ. ನಿನಗೆ ಅವಳು ಕನ್ನಡದಲ್ಲಿಯೇ ಪತ್ರ ಬರೆಯುತ್ತಾಳಂತೆ. ಒತ್ತಕ್ಷರಗಳಲ್ಲಿ ಅರ್ಧದಷ್ಟು ಇರುವುದಿಲ್ಲ, ನಿನ್ನ ಕೆಂಪು ಪೆನ್ನನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಓದು. ಅವಳು ಹಳದಿ ಕೊಡೆಯ ಕಥೆ ಕೇಳಿದರೆ ಮಾತ್ರ ಹೇಳಬೇಡ, ಅದನ್ನು ಹೇಳುವ ಹಕ್ಕು ನನ್ನದು.

ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ಇತಿ ನಿನ್ನ ಗೆಳೆಯ,
ಲೆಸ್ಟರ್‌ನಿಂದ