ಗೋದಾಮಿನ ಬಾಗಿಲ ಬಳಿ ಬ್ಯಾಟರಿ ಚಾರ್ಜಿಂಗ್ ನಿಲ್ಲಲಿ

ಸಂಪಾದಕರಿಗೆ,

ಮಾನ್ಯರೇ,

ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ (ಕಾಫಿ ಸಂಸ್ಕರಣಾ ಘಟಕ) ಮತ್ತು ಗೋದಾಮುಗಳಲ್ಲಿ ಗೋಣಿಚೀಲಗಳ ಅಟ್ಟಿ ಛಾವಣಿಯತ್ತ ಏರುತ್ತದೆ. ಇಂಥ ಕೆಲವು ಕಡೆ ಬಾಗಿಲ ಪಕ್ಕದ ಸ್ವಿಚ್‌ಬೋರ್ಡಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸಿ, ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ, ತೋಟದ ಕಳೆ ಕೊಚ್ಚುವ ಯಂತ್ರದ ಬ್ಯಾಟರಿ, ಜೊತೆಗೆ ನಾಲ್ಕಾರು ಮೊಬೈಲುಗಳನ್ನು ಒಟ್ಟಿಗೆ ಚಾರ್ಜಿಗೆ ಹಾಕಿರುವುದನ್ನು ಕಂಡಿದ್ದೇನೆ. ಚಾರ್ಜರಿನ ವೈರು ಚೀಲಗಳ ಮೇಲೆಯೇ ಹಾದಿರುತ್ತದೆ.

ಲಿಥಿಯಂ ಅಯಾನ್ ಬ್ಯಾಟರಿಯ ಒಂದು ಸೆಲ್ ಒಳಗೇ ಶಾರ್ಟ್ ಆಗಿ ಮಿತಿಮೀರಿ ಕಾದರೆ, ಆ ಕಾವು ಪಕ್ಕದ ಸೆಲ್‌ಗಳಿಗೆ ಹರಡುತ್ತ ಹೋಗುತ್ತದೆ. ಪ್ಲಗ್ ಕಿತ್ತರೂ ಅದು ನಿಲ್ಲುವುದಿಲ್ಲ. ಹೊರಬರುವ ಅನಿಲ ಹೊತ್ತಿಕೊಳ್ಳುವಂಥದ್ದು, ವಿಷಕಾರಿಯೂ ಹೌದು. ಗೋಡೆಗೆ ನೇತುಹಾಕಿದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಜ್ವಾಲೆಯನ್ನು ಅಡಗಿಸೀತೇ ಹೊರತು ಸೆಲ್‌ಗಳನ್ನು ತಣಿಸದು. ಆರಿತೆಂದುಕೊಂಡ ಬ್ಯಾಟರಿ ಮತ್ತೆ ಹೊತ್ತಿಕೊಳ್ಳಬಹುದು. ಅದನ್ನು ತಣಿಸಲು ಹೇರಳ ನೀರು ಬೇಕು.

2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ಕೆಳಗಿನ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಗೆ ಬಿದ್ದ ಬೆಂಕಿಯ ಹೊಗೆ ಮೇಲಿನ ವಸತಿಗೃಹವನ್ನು ತುಂಬಿ 8 ಮಂದಿ ಸತ್ತರು. 2024ರ ನವೆಂಬರಿನಲ್ಲಿ ಬೆಂಗಳೂರಿನ ರಾಜಾಜಿನಗರದ ಇಂಥದೇ ಮಳಿಗೆಯೊಂದರ ಬೆಂಕಿಗೆ ಅಲ್ಲಿನ ಯುವ ಉದ್ಯೋಗಿಯೊಬ್ಬರು ಬಲಿಯಾದರು. ಬ್ಯಾಟರಿಯ ಗುಣಮಟ್ಟದ ಬಗ್ಗೆ ಚರ್ಚೆ ಸಾಕಷ್ಟು ನಡೆದಿದೆ. ಹೊಸ ವಾಹನಗಳಿಗೆ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡವೂ ಬಿಗಿಯಾಗಿದೆ. ಆದರೆ ಬ್ಯಾಟರಿಯನ್ನು ಎಲ್ಲಿ ಚಾರ್ಜ್ ಮಾಡಬೇಕು, ಅದು ಹೊತ್ತಿಕೊಂಡರೆ ಒಳಗಿದ್ದವರು ಯಾವ ದಾರಿಯಲ್ಲಿ ಹೊರಬರಬೇಕು ಎಂಬುದನ್ನು ನಮ್ಮ ಊರಿನಲ್ಲಿ ಕೇಳುವವರು ಕಡಿಮೆ.

ಕೆಲವು ಮಾಲೀಕರು ಆವರಣದಲ್ಲಿ ಚಾರ್ಜಿಂಗ್ ಅನ್ನೇ ನಿಷೇಧಿಸುವ ಯೋಚನೆ ಮಾಡಬಹುದು. ಅದರಿಂದ ಪ್ರಯೋಜನವಿಲ್ಲ, ದೂರದ ಹಳ್ಳಿಗಳಿಂದ ಘಾಟಿ ದಾರಿ ಹತ್ತಿಳಿದು ಬರುವ ನೌಕರರು ಚೀಲಗಳ ಮರೆಯಲ್ಲಿ ಕದ್ದು ಚಾರ್ಜ್ ಮಾಡುತ್ತಾರೆ, ಅಷ್ಟೇ. ಅದರ ಬದಲು ಕಟ್ಟಡದಿಂದ ದೂರದಲ್ಲಿ, ಬಿಸಿಲು ಮಳೆ ತಾಗದ ಒಂದು ತೆರೆದ ಶೆಡ್ಡು ಹಾಕಿ, ಅದಕ್ಕೆ ಪ್ರತ್ಯೇಕ ಎಂಸಿಬಿ (ವಿದ್ಯುತ್ ಮಿತಿಮೀರಿ ಹರಿದರೆ ತಾನಾಗಿ ಕಡಿತವಾಗುವ ಸ್ವಿಚ್) ಕೊಟ್ಟು, ಬ್ಯಾಟರಿಯ ಕಂಪನಿಯೇ ಕೊಟ್ಟ ಚಾರ್ಜರ್ ಮಾತ್ರ ಬಳಸಬೇಕೆಂದೂ ಗೋದಾಮಿಗೆ ಬೀಗ ಹಾಕುವ ಮೊದಲು ಪ್ಲಗ್ ತೆಗೆಯಬೇಕೆಂದೂ ನಿಯಮ ಮಾಡಲಿ. ಮಲೆನಾಡಿನ ಮಳೆಗೆ ನೆನೆದ, ಕೆಳಗೆ ಬಿದ್ದು ಜಜ್ಜಿದ ಅಥವಾ ಉಬ್ಬಿದ ಬ್ಯಾಟರಿಯನ್ನು ಯಾರೂ ಚಾರ್ಜಿಗೆ ಹಾಕಬಾರದು. ಅದನ್ನು ಕೂಡಲೇ ಹೊರಗಿಟ್ಟು ಮಾರಾಟಗಾರರಿಗೆ ತಿಳಿಸಬೇಕು.

ಅಗ್ನಿಶಾಮಕ ಇಲಾಖೆ ಮತ್ತು ಕಾರ್ಖಾನೆಗಳ ಇಲಾಖೆಯ ಅಧಿಕಾರಿಗಳು ಮುಂದಿನ ಹಂಗಾಮಿಗೆ ಮೊದಲೇ ಚಿಕ್ಕಮಗಳೂರು ಹಾಗೂ ಹಾಸನದ ಗೋದಾಮುಗಳಿಗೆ ಭೇಟಿ ನೀಡಿ, ಸಿಲಿಂಡರಿನ ದಿನಾಂಕ ನೋಡುವುದರ ಜೊತೆಗೆ ಚಾರ್ಜಿಂಗ್ ಜಾಗವನ್ನೂ ಪರಿಶೀಲಿಸಬೇಕೆಂದು ಕೋರುತ್ತೇನೆ.

– ಓದುಗ, ಚಿಕ್ಕಮಗಳೂರು