ಮಗಳಿಗೊಂದು ಪತ್ರ, ಏಜೆಂಟ್ ಅಪ್ಪನಿಂದ

ಪುಟ್ಟಿ,

ನೀನು ಮೇಜಿನ ಮೇಲೆ ಬಿಟ್ಟು ಹೋದ, ವ್ಯಾಲೇಸ್ ಎಂಬ ಹಳೇ ಕಾಲದ ಇಂಗ್ಲಿಷ್ ಜೀವವಿಜ್ಞಾನಿಯ ಕತೆಯ ಪುಸ್ತಕ ಓದಿ ಮುಗಿಸಿದೆ. ಬೇಕಂತಲೇ ಬಿಟ್ಟು ಹೋಗಿದ್ದೆ ಅಲ್ವಾ? ಪತಂಗ ಹುಡುಕಿಕೊಂಡು ಎರಡು ವರ್ಷ ಅರುಣಾಚಲದ ಕಾಡಿಗೆ ಹೋಗುತ್ತೇನೆ ಅಂತ ನೀನು ಹೇಳಿದ ರಾತ್ರಿ ನಾನು ಕೂಗಾಡಿದ್ದು ಸ್ವಲ್ಪ ಜಾಸ್ತಿಯಾಯಿತು. ಅಮ್ಮ ಈಗಲೂ ಅದನ್ನೇ ಹೇಳುತ್ತಾಳೆ.

ನಿನಗೆ ವ್ಯಾಲೇಸ್ ಹಿಡಿಸಿರಬಹುದು. ನನಗೆ ಹಿಡಿಸಿದ್ದು ಅವನ ಏಜೆಂಟ್ ಸ್ಟೀವನ್ಸ್. ಇಪ್ಪತ್ತೆಂಟು ವರ್ಷ ಊರೂರು ಸುತ್ತಿ ಪಾಲಿಸಿ ಮಾಡಿಸಿದವನ ಕಣ್ಣಿಗೆ ಇನ್ಯಾರು ಬೀಳಬೇಕು ಹೇಳು!

ಆಲ್‌ಫ್ರೆಡ್ ವ್ಯಾಲೇಸ್ ಬಡವರ ಮನೆ ಹುಡುಗ. 14 ವರ್ಷಕ್ಕೇ ಶಾಲೆ ಬಿಟ್ಟ. ಅಣ್ಣನ ಜೊತೆ ಜಮೀನು ಅಳೆಯುವ ಸರ್ವೆ ಕೆಲಸ ಮಾಡಿದ. 1848ರಲ್ಲಿ ಬೇಟ್ಸ್ ಎಂಬ ಗೆಳೆಯನ ಜೊತೆ ಅಮೆಜಾನಿಗೆ ಹೊರಟಾಗ ಅವನಿಗೆ 25 ವರ್ಷ. ಡಾರ್ವಿನ್‌ಗಾದರೆ ಖರ್ಚಿಗೆ ಅಪ್ಪನ ದುಡ್ಡಿತ್ತು. ಇವನದು ಅವತ್ತವತ್ತು ಹಿಡಿದ ಚಿಟ್ಟೆ, ಹಕ್ಕಿಗಳ ಮೇಲೆ ನಡೆಯುವ ಸಂಸಾರ. ಇವನು ಕಳಿಸಿದ್ದನ್ನು ಲಂಡನ್ನಿನಲ್ಲಿ ಮ್ಯೂಸಿಯಮ್ಮಿಗೂ ಶ್ರೀಮಂತ ಸಂಗ್ರಹಕಾರರಿಗೂ ಕಮಿಷನ್ ಮೇಲೆ ಮಾರುತ್ತಿದ್ದವನೇ ಸ್ಯಾಮ್ಯುಯೆಲ್ ಸ್ಟೀವನ್ಸ್.

ವ್ಯಾಲೇಸನ ತಮ್ಮ ಹರ್ಬರ್ಟ್ ಕೂಡ ಅಣ್ಣನಿಗೆ ಜೊತೆಯಾಗಲು ಅಲ್ಲಿಗೆ ಹೋಗಿದ್ದ. ಅವನಿಗೆ ಆ ಕೆಲಸ ಹಿಡಿಸಲಿಲ್ಲ. ಊರಿಗೆ ವಾಪಸ್ ಹೊರಡಲು ಪಾರಾ ಬಂದರಿಗೆ ಬಂದವನು 1851ರಲ್ಲಿ ಹಳದಿ ಜ್ವರದಿಂದ ಅಲ್ಲೇ ತೀರಿಕೊಂಡ. 22 ವರ್ಷ. ಅಣ್ಣ ದೂರದಲ್ಲಿ, ನದಿಯ ಮೇಲ್ಭಾಗದಲ್ಲಿದ್ದ. ಸುದ್ದಿ ಖಚಿತವಾಗುವ ಹೊತ್ತಿಗೆ ತಿಂಗಳುಗಟ್ಟಲೆ ಕಳೆದಿತ್ತು. ಈ ಪುಟವನ್ನು ನಾನು ಎರಡು ಸಲ ಓದಿದೆ. ಅಮ್ಮನಿಗೆ ಹೇಳಿಲ್ಲ, ನೀನೂ ಹೇಳಬೇಡ.

ಮುಂದಿನ ವರ್ಷ ಜುಲೈನಲ್ಲಿ ವ್ಯಾಲೇಸ್ ‘ಹೆಲೆನ್’ ಎಂಬ ಹಡಗು ಹತ್ತಿದ. ಜೊತೆಗೆ ಅದುವರೆಗೆ ಕಳಿಸದೆ ಉಳಿಸಿಕೊಂಡಿದ್ದ ಸಂಗ್ರಹ, ಟಿಪ್ಪಣಿ ಪುಸ್ತಕಗಳು, ಬದುಕಿದ್ದ ಗಿಳಿಗಳು, ಕೋತಿಗಳು. ಆಗಸ್ಟ್ 6ರ ಬೆಳಿಗ್ಗೆ ತಿಂಡಿಯಾದ ಮೇಲೆ ಕ್ಯಾಪ್ಟನ್ ಬಂದು, ‘ಹಡಗಿಗೆ ಬೆಂಕಿ ಬಿದ್ದಿರುವ ಹಾಗಿದೆ, ಬಂದು ನೋಡಿ’ ಅಂದನಂತೆ. ಸರಕಿನಲ್ಲಿ ಒಂದು ಜಾತಿಯ ಮರದ ಎಣ್ಣೆಯ ಪೀಪಾಯಿಗಳಿದ್ದವು. ಕೆಲವನ್ನು ಭತ್ತದ ಹೊಟ್ಟಿನಲ್ಲಿ ಇಟ್ಟಿದ್ದರು. ಎಣ್ಣೆ ಸೋರಿ, ಹೊಟ್ಟು ಕಾದು, ತಾನಾಗಿಯೇ ಹೊತ್ತಿಕೊಂಡಿತ್ತು. ಮೇಲಿನ ಬಾಗಿಲು ತೆಗೆದು ನೀರು ಸುರಿದರು. ಒಳಗೆ ಗಾಳಿ ಹೋಗಿ ಬೆಂಕಿ ಇನ್ನೂ ಎದ್ದಿತು. ನಮ್ಮ ಕಡೆ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಕೆದಕಬೇಡಿ ಅನ್ನುವುದು ಇದಕ್ಕೇ.

ಕ್ಯಾಬಿನ್ನಿನ ಹೊಗೆಯಲ್ಲಿ ಅವನ ಕೈಗೆ ಸಿಕ್ಕಿದ್ದು ಒಂದು ಸಣ್ಣ ತಗಡಿನ ಪೆಟ್ಟಿಗೆ. ಒಳಗೆ ಕೆಲವು ಅಂಗಿ, ಮೀನು ಮತ್ತು ತಾಳೆ ಜಾತಿಯ ಮರಗಳ ಚಿತ್ರಗಳು. ಹಗ್ಗ ಹಿಡಿದು ದೋಣಿಗೆ ಇಳಿಯುವಾಗ ಅಂಗೈ ಚರ್ಮ ಕಿತ್ತುಬಂತು. ಗಿಳಿ, ಕೋತಿಗಳು ಹಡಗಿನ ಮೂತಿಯ ಕಡೆ ಓಡಿ ಕೂತವು. ಎಷ್ಟು ಕರೆದರೂ ದೋಣಿಗೆ ಬರಲಿಲ್ಲ. ಒಂದು ಗಿಳಿ ಮಾತ್ರ ನೇತಾಡುತ್ತಿದ್ದ ಹಗ್ಗದ ಮೇಲೆ ಕೂತಿತ್ತು. ಮೇಲೆ ಹಗ್ಗ ಸುಟ್ಟು ತುಂಡಾಯಿತು, ಗಿಳಿ ನೀರಿಗೆ ಬಿತ್ತು, ಇವರು ಎತ್ತಿಕೊಂಡರು. ಅಷ್ಟು ಪ್ರಾಣಿಗಳಲ್ಲಿ ಉಳಿದದ್ದು ಅದೊಂದೇ.

ಹತ್ತು ದಿನ ಸೋರುವ ದೋಣಿಯಲ್ಲಿ ಬಿಸ್ಕತ್ತು, ಹಸಿ ಹಂದಿಮಾಂಸ ತಿಂದುಕೊಂಡು ಕಳೆದರು. ಆಮೇಲೆ ಬೇರೊಂದು ಹಡಗು ಸಿಕ್ಕಿತು. ಅದೂ ಮುದಿ ಹಡಗು, ಅದರಲ್ಲೂ ಊಟಕ್ಕೆ ತತ್ವಾರ. ಅಂತೂ ಅಕ್ಟೋಬರ್ 1ಕ್ಕೆ ಇಂಗ್ಲೆಂಡಿನ ನೆಲ ಮುಟ್ಟಿದ. ಮೈಮೇಲೆ ತೆಳು ಹತ್ತಿ ಬಟ್ಟೆ, ಕಾಲು ಊದಿಕೊಂಡಿತ್ತು.

ನನ್ನ ಕತೆ ಶುರುವಾಗುವುದು ಇಲ್ಲಿಂದ. ಸ್ಟೀವನ್ಸ್ ಅವನನ್ನು ಮೊದಲು ಕರೆದುಕೊಂಡು ಹೋಗಿದ್ದು ರೆಡಿಮೇಡ್ ಅಂಗಡಿಗೆ, ಬೆಚ್ಚನೆಯ ಬಟ್ಟೆ ಕೊಡಿಸಲು. ಅಲ್ಲಿಂದ ತನ್ನ ದರ್ಜಿಯ ಹತ್ತಿರ, ಆಮೇಲೆ ತನ್ನ ಮನೆಗೆ. ಸ್ಟೀವನ್ಸನ ತಾಯಿ ಉಣ್ಣಿಸಿ ಉಪಚರಿಸಿ ಅವನನ್ನು ಒಂದು ಹದಕ್ಕೆ ತಂದರು. ಇನ್ನೊಂದು ವಿಷಯ. ಸಂಗ್ರಹಕ್ಕೆ ಸ್ಟೀವನ್ಸ್ ಮೊದಲೇ ವಿಮೆ ಮಾಡಿಸಿಟ್ಟಿದ್ದ! ಹೋದ ಹಕ್ಕಿಗಳೇನೂ ಅದರಿಂದ ಬರಲಿಲ್ಲ, ಸರಿ. ಆದರೆ ಆ ದುಡ್ಡಿನಲ್ಲಿ ಅವನು ಲಂಡನ್ನಿನಲ್ಲಿ ಕೂತು ಬರೆದ, ಮುಂದಿನ ಪ್ರಯಾಣಕ್ಕೆ ತಯಾರಾದ. ಇನ್ನು ಸಮುದ್ರದ ಸಹವಾಸ ಬೇಡ ಅಂತ ಐವತ್ತು ಸಲ ಆಣೆ ಮಾಡಿಕೊಂಡಿದ್ದವನು 1854ರಲ್ಲಿ ಸಿಂಗಪುರಕ್ಕೆ ಹೊರಟೇಬಿಟ್ಟ.

ಮಲಯ ದ್ವೀಪಗಳಲ್ಲಿ ಎಂಟು ವರ್ಷ ಇದ್ದ. ಹಕ್ಕಿ, ಕೀಟ, ಪ್ರಾಣಿಗಳ 1,25,660 ಮಾದರಿ ಸೇರಿಸಿದ. 1858ರಲ್ಲಿ ಚಳಿಜ್ವರದಲ್ಲಿ ಮಲಗಿದ್ದಾಗ, ಜೀವಜಾತಿಗಳು ಹೇಗೆ ಬದಲಾಗುತ್ತವೆ ಅಂತ ಹೊಳೆದದ್ದನ್ನು ಬರೆದು ಡಾರ್ವಿನ್‌ಗೆ ಕಳಿಸಿದ್ದು, ಜುಲೈ 1ಕ್ಕೆ ಇಬ್ಬರ ಬರಹವನ್ನೂ ಲಂಡನ್ನಿನಲ್ಲಿ ಒಟ್ಟಿಗೆ ಓದಿದ್ದು, ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅಲಿ ಅಂತ ಬೋರ್ನಿಯೋ ದ್ವೀಪದ ಸರವಾಕ್ ಕಡೆಯ ಒಬ್ಬ ಹುಡುಗ ಅವನಿಗೆ ಅಡುಗೆ ಮಾಡಿ, ಹಕ್ಕಿ ಹೊಡೆದು, ಚರ್ಮ ಸುಲಿದು ಒಣಗಿಸಿ, ಜ್ವರ ಬಂದಾಗ ಆರೈಕೆ ಮಾಡಿದನಲ್ಲ, ನಿನಗೂ ಅಲ್ಲಿ ಅಂಥವರು ಸಿಗುತ್ತಾರೆ. ಅವರಿಗೆ ಕೂಲಿ ಸರಿಯಾಗಿ ಕೊಡು. ಲೆಕ್ಕ ಬರೆದಿಡು.

ಒಂದು ಕಡೆ ಸ್ಟೀವನ್ಸ್ ಅವನಿಗೊಂದು ದೂರು ದಾಟಿಸುತ್ತಾನೆ: ‘ಸುಮ್ನೆ ಸಿದ್ಧಾಂತ ಕಟ್ಟುವುದು ಬಿಟ್ಟು ಇನ್ನಷ್ಟು ಮಾದರಿ ಸೇರಿಸಲಿ ಅಂತ ಇಲ್ಲಿನವರು ಹೇಳುತ್ತಿದ್ದಾರೆ.’ ನಗು ಬಂತು. ಬಿ.ಎಡ್. ಮಾಡು ಅಂತ ನಾನು ನಿನ್ನ ಪ್ರಾಣ ತಿಂದದ್ದು ನೆನಪಾಯಿತು.

ಕವರಿನಲ್ಲಿ ಅಪಘಾತ ವಿಮೆಯ ಅರ್ಜಿ ಇಟ್ಟಿದ್ದೇನೆ. ಮೊದಲ ಕಂತು ನಾನು ಕಟ್ಟುತ್ತೇನೆ. ಪೆನ್ಸಿಲ್ಲಿನಲ್ಲಿ ಟಿಕ್ ಹಾಕಿದ ಕಡೆಯೆಲ್ಲ ಸಹಿ ಮಾಡಿ ಕಳಿಸು, ಒಟ್ಟು ಐದು ಕಡೆ. ‘ಉದ್ಯೋಗ’ ಅನ್ನುವಲ್ಲಿ ಏನು ಬರೆಯಬೇಕೋ ನನಗೆ ಗೊತ್ತಾಗಲಿಲ್ಲ, ನೀನೇ ಬರೆದುಕೋ. ನಾಮಿನಿ ಅಂತ ಇರುವಲ್ಲಿ ಅಮ್ಮನ ಹೆಸರು ಬರಿ. ಆ ಜಾಗ ತುಂಬಲು ನನಗೆ ಕೈ ಬರಲಿಲ್ಲ.

ನಿನ್ನ
ಅಪ್ಪ