ನನ್ನ ಕನ್ನಡ ಮೇಷ್ಟ್ರಿಗೆ, ಎಲ್ಲರ ಮುಂದೆ

ಕಳೆದ ವಾರ ಶಿವಮೊಗ್ಗದ ಕೋರ್ಟಿನಲ್ಲಿ ಒಂದು ಪಾಲು ದಾವೆಗೆ ಪ್ರಾಥಮಿಕ ಡಿಕ್ರಿ, ಅಂದರೆ ಯಾರಿಗೆ ಎಷ್ಟು ಪಾಲು ಎಂಬ ತೀರ್ಪು, ಆಯಿತು. ವಕಾಲತ್ತು ಹಾಕಿದಲ್ಲಿಂದ ತೀರ್ಪಿನವರೆಗೆ ಸೀನಿಯರ್ ಆಸರೆಯಿಲ್ಲದೆ ನಾನೊಬ್ಬಳೇ ನಡೆಸಿದ ಮೊದಲ ಕೇಸು ಅದು. ಶುಭ ಹಾರೈಸಿದವರಿಗೆಲ್ಲ ಒಂದೊಂದು ಸಾಲಿನಲ್ಲಿ ಉತ್ತರ ಕೊಟ್ಟಿದ್ದೇನೆ. ಒಬ್ಬರಿಗೆ ಮಾತ್ರ ಹಾಗೆ ಒಂದು ಸಾಲಿನಲ್ಲಿ ಮುಗಿಸಲು ಮನಸ್ಸು ಬರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಮಗೆ ಕನ್ನಡ ಕಲಿಸಿದ ಮೇಷ್ಟ್ರು ಅವರು. ಈಗ ನಿವೃತ್ತರಾಗಿ ಊರಲ್ಲೇ ಇದ್ದಾರೆ. ಹೆಸರು ಹಾಕಬಾರದೆಂದು ಫೋನಿನಲ್ಲೇ ಕಟ್ಟಪ್ಪಣೆ ಮಾಡಿದರು. ಬರೆಯಬಾರದು ಅಂತ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಎಂಟನೇ ಕ್ಲಾಸಿಗೆ ಸೇರಿದಾಗ ಹಾಜರಿ ಕೂಗಿದರೆ ಓಗೊಡಲೂ ಗಂಟಲು ಕಟ್ಟುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯೇ ‘ಬಂದಿದಾಳೆ ಸಾರ್’ ಅನ್ನುತ್ತಿದ್ದಳು. ಪ್ರೈಮರಿಯಲ್ಲಿದ್ದಾಗ ಮಗ್ಗಿ ಒಪ್ಪಿಸುವಾಗ ತಡವರಿಸಿದೆನೆಂದು ಒಬ್ಬರು ‘ಬಾಯಿಗೆ ಬೀಗ ಹಾಕ್ಕೊಂಡು ಬಂದಿದೀಯಾ?’ ಎಂದು ಕೇಳಿದ್ದರು, ಇಡೀ ಕ್ಲಾಸು ನಕ್ಕಿತ್ತು. ಆಮೇಲೆ ಶಾಲೆಯಲ್ಲಿ ನನ್ನ ದನಿ ಕೇಳಿದವರೇ ಕಡಿಮೆ. ಉತ್ತರ ಗೊತ್ತಿರುತ್ತಿತ್ತು, ನೋಟ್‌ಬುಕ್ಕಿನಲ್ಲಿ ಬರೆದೂ ಇರುತ್ತಿದ್ದೆ. ಎದ್ದು ನಿಂತರೆ ಮುಗಿಯಿತು, ಬರೆದದ್ದು ಬಾಯಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ‘ಅದು ಸ್ವಲ್ಪ ಮೆತ್ತಗಿನ ಹುಡುಗಿ’ ಎಂದು ನೆಂಟರಿಗೆ ಹೇಳಿ ಸುಮ್ಮನಾಗುತ್ತಿದ್ದರು.

ಮೇಷ್ಟ್ರು ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆ, ಬಲ್ಲವರು. ನಮ್ಮ ಜಿಲ್ಲೆಯಲ್ಲಿ ಅದೇನೂ ಅಪರೂಪವಲ್ಲ. ತುಂಗೆಯ ದಡದ ಹೊಸಹಳ್ಳಿಯನ್ನು ಗಮಕ ಗ್ರಾಮವೆಂದೇ ಕರೆಯುತ್ತಾರೆ, ಅಲ್ಲಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮೇಷ್ಟ್ರು ತಮ್ಮ ಮನೆಗೇ ಬಂತೇನೋ ಎನ್ನುವಷ್ಟು ಸಂಭ್ರಮಪಟ್ಟಿದ್ದರು. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಅವರು ಪಾಠ ಮಾಡುತ್ತಿರಲಿಲ್ಲ. ಕುಮಾರವ್ಯಾಸನನ್ನು ಹಾಡಿ ಓದುತ್ತಿದ್ದರು. ಭಾಮಿನಿ ಷಟ್ಪದಿಯ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಕಲಿಸಿದವರಲ್ಲ, ಬೆಂಚಿನ ಮೇಲೆ ಬೆರಳು ಬಡಿಸಿ ಕಲಿಸಿದವರು. ಮೂರು ನಾಲ್ಕು, ಮೂರು ನಾಲ್ಕು. ಸಣ್ಣ ಸಾಲಿಗೆ 14 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲಿಗೆ 23. ಇಡೀ ಕ್ಲಾಸು ಬಡಿಯುವಾಗ ನಾನೂ ಬಡಿಯುತ್ತಿದ್ದೆ, ಅದಕ್ಕೆ ಬಾಯಿ ಬೇಕಿರಲಿಲ್ಲವಲ್ಲ. ನನ್ನ ತಾಳ ತಪ್ಪುವುದಿಲ್ಲ ಎಂಬುದನ್ನು ಅವರು ಅಲ್ಲೇ ಗುರುತಿಸಿದ್ದರಂತೆ. ಇದು ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ.

ಒಂದು ಶನಿವಾರ ಶ್ರುತಿಪೆಟ್ಟಿಗೆ ತಂದು ನನ್ನ ತೊಡೆಯ ಮೇಲಿಟ್ಟರು. ತಿದಿ ಒತ್ತುವ ಹಳೇ ಪೆಟ್ಟಿಗೆ. ಒಂದು ಮೂಲೆಯ ಚರ್ಮ ಹರಿದು ಅಂಟುಪಟ್ಟಿ ಹಚ್ಚಿದ್ದರು, ಜೋರಾಗಿ ಒತ್ತಿದರೆ ಅಲ್ಲಿಂದ ಗಾಳಿ ಸುಯ್ ಎನ್ನುತ್ತಿತ್ತು. ‘ಒಂದೇ ಹದದಲ್ಲಿ ಒತ್ತಬೇಕು ಮಗಾ, ನೀನು ನಿಲ್ಲಿಸಿದರೆ ನಾನು ದಾರಿ ತಪ್ಪುತ್ತೇನೆ’ ಎಂದರು. ಮೇಷ್ಟ್ರಿಗೆ ನನ್ನಿಂದ ಏನೋ ಆಗಬೇಕಿದೆ ಎಂಬ ಆ ಮಾತು ನನ್ನನ್ನು ಎಷ್ಟು ನೆಟ್ಟಗೆ ಕೂರಿಸಿತು ಎಂದು ಇವತ್ತಿಗೂ ಪೂರ್ತಿ ಹೇಳಲಾರೆ. ಕ್ಲಾಸಿನ ಎದುರಿಗೆ, ಅವರ ಪಕ್ಕದಲ್ಲಿ, ಎಲ್ಲರೂ ನೋಡುವಂತೆ ಕೂತಿದ್ದೆ, ಆದರೆ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವರ ಮುಖದ ಮೇಲಿತ್ತು. ತಿಂಗಳುಗಟ್ಟಲೆ ಹಾಗೇ ನಡೆಯಿತು. ‘ಮಾತಾಡು’ ಎಂದು ಅವರು ಒಂದು ಸಲವೂ ಹೇಳಲಿಲ್ಲ. ಪದ್ಯದ ಕೊನೆಯ ಸಾಲಿಗೆ ಬಂದಾಗ ತಾವು ದನಿ ಇಳಿಸುತ್ತಿದ್ದರು, ಅಷ್ಟೇ. ಶ್ರುತಿ ಒತ್ತುವವಳಿಗೆ ಪದ್ಯ ಬಾಯಿಗೆ ಬಂದುಬಿಟ್ಟಿರುತ್ತದೆ. ಯಾವತ್ತು ನಾನು ಗುನುಗಿದೆನೋ, ಯಾವತ್ತು ಅವರು ಪೂರಾ ನಿಲ್ಲಿಸಿದರೋ, ನೆನಪಿಲ್ಲ. ಸಾಲು ಮುಗಿಸಿದ್ದು ನಾನೊಬ್ಬಳೇ ಎಂದು ಗೊತ್ತಾದದ್ದು ಗೆಳತಿ ಆಮೇಲೆ ಹೇಳಿದಾಗ.

ಗಮಕದಲ್ಲಿ ಇಬ್ಬರು ಕೂರುತ್ತಾರೆ. ಒಬ್ಬರು ವಾಚನ, ಇನ್ನೊಬ್ಬರು ವ್ಯಾಖ್ಯಾನ. ನನ್ನಂಥ ಮಗುವಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಿಕ್ಕಿಲ್ಲ. ಮಾತು ಕವಿಯದು, ಅರ್ಥ ಹೇಳುವ ಹೊಣೆ ಪಕ್ಕದಲ್ಲಿರುವವರದು, ನಾನು ದನಿ ಕೊಟ್ಟರೆ ಸಾಕು. ಆಗ ಪ್ರತಿಭಾ ಕಾರಂಜಿಯ ಹೊತ್ತು, ಭಾಷಣಕ್ಕೆ ನನ್ನ ಹೆಸರು ಕೊಡೋಣ, ಚಳಿ ಬಿಡುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಕೆಲವರು ಹೇಳಿದ್ದರಂತೆ. ಮೇಷ್ಟ್ರು ಒಪ್ಪಲಿಲ್ಲ. ಹೆದರುವ ಮಕ್ಕಳನ್ನು ಏಕಾಏಕಿ ಮೈಕಿನ ಮುಂದೆ ನಿಲ್ಲಿಸಿದರೆ ಚಳಿ ಬಿಡುತ್ತದೆ ಎಂದು ಇವತ್ತಿಗೂ ಎಷ್ಟೋ ಜನ ನಂಬಿದ್ದಾರೆ. ಕೆಲವರಿಗೆ ಬಿಡುತ್ತದೇನೋ. ನನ್ನನ್ನು ಆಗ ನಿಲ್ಲಿಸಿದ್ದರೆ ನಾನು ಶಾಲೆಯನ್ನೇ ಬಿಡುತ್ತಿದ್ದೆ. ಇದನ್ನು ಶಿಕ್ಷಕರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ನೆನಪಿಟ್ಟುಕೊಳ್ಳಿ.

ಹತ್ತನೇ ಕ್ಲಾಸಿನ ರಾಜ್ಯೋತ್ಸವಕ್ಕೆ ಸಭಾಪರ್ವ ಆರಿಸಿದರು. ಜೂಜಿನಲ್ಲಿ ಸೋತ ಮೇಲೆ ದ್ರೌಪದಿಯನ್ನು ಕರೆತರಲು ಕೌರವನ ದೂತ ಪ್ರಾತಿಕಾಮಿ ಬರುತ್ತಾನೆ, ಅವಳು ಅವನನ್ನೇ ಪ್ರಶ್ನೆಯ ಜೊತೆ ವಾಪಸು ಕಳಿಸುತ್ತಾಳೆ. ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಅಭ್ಯಾಸ ಮಾಡಿಸುವಾಗ ಮೇಷ್ಟ್ರು ಹೇಳುತ್ತಿದ್ದರು: ‘ಅಳುತ್ತಾ ಓದಬೇಡ. ಅವಳು ಅಳುತ್ತಾ ಕೇಳಿದ್ದಲ್ಲ ಇದು, ಲೆಕ್ಕ ಕೇಳಿದ್ದು. ಕೇಳಿ ನಿಲ್ಲಿಸು. ಸಭೆ ತಿಣುಕಲಿ.’ ಆ ದಿನ ಪ್ರಶ್ನೆಯ ಸಾಲು ಮುಗಿಸಿ ನಿಲ್ಲಿಸಿದೆ. ಮೇಷ್ಟ್ರು ತಕ್ಷಣ ವ್ಯಾಖ್ಯಾನಕ್ಕೆ ಇಳಿಯಲಿಲ್ಲ. ಬೇಕೆಂದೇ ಸುಮ್ಮನೆ ಕೂತರು. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು, ಓಡಿಹೋಗಬೇಕು ಅನ್ನಿಸಲಿಲ್ಲ.

ಈಗಿನ ಕೇಸಿನ ವಿಷಯ, ಕಕ್ಷಿದಾರರ ಒಪ್ಪಿಗೆ ಪಡೆದು, ಗುರುತು ಬಿಟ್ಟು ಹೇಳುತ್ತೇನೆ. ಹೆಣ್ಣುಮಗಳೊಬ್ಬರು ಪಿತ್ರಾರ್ಜಿತ ಅಡಿಕೆ ತೋಟದಲ್ಲಿ ಪಾಲು ಕೇಳಿದ್ದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಂದ ತನ್ನ ತಿದ್ದುಪಡಿಯಿಂದ ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಕೊಟ್ಟಿತ್ತು, ಆದರೆ ಅದು ಜಾರಿಗೆ ಬರುವ ಮೊದಲೇ ಮದುವೆಯಾದವರಿಗೆ ಸಿಗುತ್ತಿರಲಿಲ್ಲ. ಇವರು ಅದಕ್ಕೂ ಮುಂಚೆ ಮದುವೆಯಾದವರು. ಕೇಂದ್ರದ 2005ರ ತಿದ್ದುಪಡಿ ಆ ಅಡ್ಡಿಯನ್ನು ತೆಗೆಯಿತು, ಅದು ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಅಣ್ಣತಮ್ಮಂದಿರ ತಕರಾರು ಒಂದೇ: ಬಾಯಿಮಾತಿನಲ್ಲಿ ಎಂದೋ ಪಾಲಾಗಿಹೋಗಿದೆ. ಪಾಟೀಸವಾಲಿನಲ್ಲಿ ಹಿರಿಯಣ್ಣನನ್ನು ಕೇಳಿದೆ, ‘ಪಾಲಾಗಿದ್ದರೆ ಪಹಣಿ ಇನ್ನೂ ನಿಮ್ಮ ತಂದೆಯ ಹೆಸರಿನಲ್ಲೇ ಏಕಿದೆ?’ ಕೇಳಿ ನಿಲ್ಲಿಸಿದೆ. ಮುಂದಿನ ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು, ನುಂಗಿಕೊಂಡೆ. ಬೆರಳಚ್ಚುಗಾರರು ತಲೆ ಎತ್ತಿ ನೋಡಿದರು. ಸಾಕ್ಷಿ ವಕೀಲರ ಕಡೆ ನೋಡಿದರು, ಛಾವಣಿ ನೋಡಿದರು, ಕೊನೆಗೆ ‘ಮಾಡಿಸಿಲ್ಲ’ ಎಂದರು. ಅಷ್ಟು ಹೊತ್ತು ತುಂಬಿದ ಹಾಲಿನಲ್ಲಿ ಮಾತಿಲ್ಲದೆ ನಿಲ್ಲುವ ಧೈರ್ಯವನ್ನು ನನಗೆ ಕಾನೂನು ಕಾಲೇಜು ಕಲಿಸಿದ್ದಲ್ಲ, ಮೇಷ್ಟ್ರೇ. ನೀವು ಕಲಿಸಿದ್ದು.

ಮೇಲ್ಮನವಿ ಹೋಗಬಹುದು, ತೋಟವನ್ನು ನಿಜಕ್ಕೂ ಹಂಚಿಕೊಡುವ ಅಂತಿಮ ಡಿಕ್ರಿಯ ಕೆಲಸವೂ ಬಾಕಿ ಇದೆ. ಕೇಸು ಮುಗಿಯಿತೆಂದು ನಾನು ಹೇಳುತ್ತಿಲ್ಲ. ಆದರೆ ಆಕೆ ತೀರ್ಪಿನ ದಿನ ನನ್ನ ಕೈ ಹಿಡಿದು ‘ನನ್ನ ಮಾತನ್ನೂ ಯಾರೋ ಕೇಳಿದರಲ್ಲಮ್ಮಾ’ ಎಂದಾಗ ಮೊದಲು ನೆನಪಾದವರು ನೀವು.

ಇನ್ನೂ ಕೆಲವರಿಗೆ ಋಣಿ. ಹಾಜರಿಗೆ ನನ್ನ ಪರವಾಗಿ ಓಗೊಟ್ಟ ಗೆಳತಿಗೆ. ಶನಿವಾರ ತಡವಾಗಿ ಬಂದರೂ ಏನೂ ಕೇಳದೆ ಊಟ ಎತ್ತಿಡುತ್ತಿದ್ದ ಅಮ್ಮನಿಗೆ. ‘ಈ ಕೇಸು ನೀನೇ ನಡೆಸು’ ಎಂದು ಫೈಲು ಕೈಗಿತ್ತ ಸೀನಿಯರ್‌ಗೆ.

ಮೇಷ್ಟ್ರೇ, ದಸರಾ ರಜೆಗೆ ಕೋರ್ಟು ಮುಚ್ಚಿದ ಕೂಡಲೇ ಊರಿಗೆ ಬರುತ್ತೇನೆ. ಕರ್ಣಪರ್ವ ಅರ್ಧಕ್ಕೇ ನಿಂತಿದೆ ಎಂದು ಫೋನಿನಲ್ಲಿ ಹೇಳಿದಿರಿ. ಕಣ್ಣಿಗೆ ಅಕ್ಷರ ಕಾಣುವುದಿಲ್ಲ, ಓದುವವರು ಬೇಕು ಎಂದಿರಿ. ನಾನು ಓದುತ್ತೇನೆ, ಅರ್ಥ ನೀವೇ ಹೇಳಬೇಕು. ಅಲ್ಲಿಯವರೆಗೆ ಇದನ್ನು ನಿಮ್ಮ ಹುಡುಗಿಯ ಸಾಷ್ಟಾಂಗ ನಮಸ್ಕಾರವೆಂದು ತಿಳಿಯಿರಿ.